ಬೇರಿಶ್, ಆದರೆ ಎಲ್ಲಿಯ ತನಕ?

ಶಿವಮೊಗ್ಗದಲ್ಲಿ ಈಗ ಟೀ ಅಂಗಡಿಯಲ್ಲೂ ಬೇರಿಶ್ ಅನ್ನೋ ಮಾತು. ನಿಫ್ಟಿ (ದೇಶದ ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಎರಡು ದಿನ ಇಳಿದು ಕೆಂಪಾದರೆ ಸಾಕು, 'ಮಾರ್ಕೆಟ್ ಬೇರಿಶ್ ಮಾರಾಯ' ಅಂತ ಶುರು. ಬಿದ್ದದ್ದನ್ನು ಬಿದ್ದಿದೆ ಅಂದರೆ ಸಾಕಲ್ವಾ? ಬೇರಿಶ್ ಅನ್ನೋದು ಇನ್ನೂ ಬೀಳುತ್ತೆ ಎಂಬ ಅಂದಾಜು. ಯಾವುದು, ಯಾಕೆ, ಎಷ್ಟು ದಿನದಲ್ಲಿ ಅಂತ ಹೇಳದಿದ್ದರೆ ಆ ಮಾತಿಗೆ ತೂಕವಿಲ್ಲ.

ಬೇರ್ ಅಂದರೆ ಕರಡಿ. ಅದು ಪಂಜವನ್ನು ಮೇಲಿಂದ ಕೆಳಗೆ ಬೀಸುತ್ತೆ, ಅದಕ್ಕೇ ಈ ಹೆಸರು ಅಂತ ಯೂಟ್ಯೂಬಿನವರು ಹೇಳ್ತಾರೆ. ಹಳೆಯ ಕಥೆ ಬೇರೆ. 18ನೇ ಶತಮಾನದ ಆರಂಭದ ಲಂಡನ್ನಿನಲ್ಲಿ, ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ದರ ಇಳಿದ ಮೇಲೆ ಕೊಂಡು ಒಪ್ಪಿಸುವವರನ್ನು ಕರಡಿ ಚರ್ಮದ ವ್ಯಾಪಾರಿಗಳು ಅನ್ನುತ್ತಿದ್ದರು. ಕರಡಿ ಹಿಡಿಯುವ ಮೊದಲೇ ಚರ್ಮ ಮಾರುವವರು! ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಇಲ್ಲಿ ಕುಲಾವಿ ಮಾರಿ ದುಡ್ಡೂ ಎಣಿಸಿಕೊಂಡಾಗಿರುತ್ತೆ. ದರ ಏರಿತೋ, ಗತಿ ಅಷ್ಟೇ.

ತೀರ್ಥಹಳ್ಳಿ ಕಡೆಯ ನಮ್ಮ ಭಾವ ರಾಶಿ ಅಡಿಕೆ ಚೀಲಗಳನ್ನು ಮಂಡಿಯಲ್ಲಿಟ್ಟು, ದರ ಬರಲಿ ಅಂತ ಕಾಯ್ತಾರೆ. ಬಾಯಲ್ಲಿ ಮಾತ್ರ, 'ಬಯಲುಸೀಮೆಯವರೆಲ್ಲ ಅಡಿಕೆ ಹಾಕ್ತಿದ್ದಾರೆ, ಎಲೆಚುಕ್ಕಿ ರೋಗ ಬೇರೆ, ಮುಂದೆ ಕಷ್ಟ ಇದೆ.' 'ಹಾಗಾದ್ರೆ ಈಗಲೇ ಮಾರಿಬಿಡಿ ಭಾವ' ಅಂದೆ. 'ಅದು ಹತ್ತು ವರ್ಷದ ಮಾತು ಮಾರಾಯ. ಇದು ಗೌರಿ ಹಬ್ಬದ ತನಕದ ಮಾತು.' ಟಿವಿಯ ಪಂಡಿತರಿಗಿಂತ ಭಾವನೇ ವಾಸಿ. (ಹಸಿ ಅಡಿಕೆಯನ್ನು ಮರದಲ್ಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟವರೆಲ್ಲ ಬೇರಿಶ್ ಅಂತಲೂ ಅಲ್ಲ. ಕೊನೆ ತೆಗೆಯೋರು ಸಿಗದೆ ಕೊಟ್ಟವರೂ ಇದ್ದಾರೆ.)

ಬೇರ್ ಮಾರ್ಕೆಟ್ ಅನ್ನೋಕೆ ಒಂದು ರೂಢಿಯ ಅಳತೆ ಇದೆ: ಮೇಲಿನ ಮಟ್ಟದಿಂದ ಶೇ. 20 ಇಳಿಯಬೇಕು. 2020ರ ಮಾರ್ಚ್‌ನಲ್ಲಿ ಎರಡೇ ತಿಂಗಳಲ್ಲಿ ನಿಫ್ಟಿ ಅದನ್ನೂ ಮೀರಿ ಬಿತ್ತು, ಆ ನವೆಂಬರ್‌ಗೆ ಹಳೆಯ ಎತ್ತರ ದಾಟಿತು. 2024ರ ಸೆಪ್ಟೆಂಬರ್ ನಂತರದ ಇಳಿತದಲ್ಲಿ ಊರೆಲ್ಲ ಅಳುತ್ತಿತ್ತು, ಆದರೆ ನಿಫ್ಟಿ ಆ ಗೆರೆ ಮುಟ್ಟಲೇ ಇಲ್ಲ. ಸಣ್ಣ ಕಂಪನಿಗಳ ಷೇರು ಹಿಡಿದವರ ಅಳು ಮಾತ್ರ ನಿಜದ್ದು.

ಬಾಯಲ್ಲಿ ಬೇರಿಶ್ ಅನ್ನುತ್ತಲೇ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಕಟ್ಟುವವರ ಬಗ್ಗೆ ನನಗೆ ತಕರಾರಿಲ್ಲ, ಅವರದ್ದೂ ಭಾವನ ಲೆಕ್ಕವೇ. ಬೇಜಾರು ಪುಟ್ ಆಪ್ಷನ್ ಕೊಳ್ಳುವ ಹುಡುಗರನ್ನು ನೋಡಿದಾಗ. ಇಂತಿಷ್ಟು ದಿನದೊಳಗೆ ದರ ಬಿದ್ದರೆ ಲಾಭ ಅನ್ನೋ ಕರಾರು ಅದು, ಅದಕ್ಕೆ ಮೊದಲೇ ಕೊಡುವ ಹಣವೇ ಪ್ರೀಮಿಯಂ. ಬೀಳುತ್ತೆ ಅಂದದ್ದು ಸರಿಯಾಗಿದ್ದರೂ, ಅವಧಿ ಮುಗಿದ ಮೇಲೆ ಬಿದ್ದರೆ ಕೊಟ್ಟ ಪ್ರೀಮಿಯಂ ಹೋದ ಹಾಗೇ. 2021-22ರಿಂದ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ (ಮುಂದಿನ ದರದ ಮೇಲಿನ ಕರಾರುಗಳು) ಆಡಿದ ಸಾಮಾನ್ಯ ಜನರಲ್ಲಿ ಶೇ. 93ರಷ್ಟು ಮಂದಿ ಕಳೆದುಕೊಂಡಿದ್ದಾರೆ, ಷೇರುಪೇಟೆಯ ನಿಯಂತ್ರಕ ಸೆಬಿಯದೇ ಲೆಕ್ಕ ಇದು. ಅವರಲ್ಲಿ ಬೀಳುತ್ತೆ ಅಂದವರೂ ಇದ್ದರು, ಏರುತ್ತೆ ಅಂದವರೂ ಇದ್ದರು.