ಒಂದೇ ಟೋಕನ್, ಇಬ್ಬರು ಗಿರಾಕಿಗಳು

ಡಿಸೆಂಬರ್ ರಜೆಯ ಗಡಿಬಿಡಿ. ಶಿರಸಿಯ ಮನೆಯಲ್ಲೇ ಕೂತು ಗೋಕರ್ಣ ಕಡೆಯ ಹೋಮ್‌ಸ್ಟೇಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಒಬ್ಬ ಯಜಮಾನರು ಫೋನ್ ಮಾಡಿದರು. "ತಮಾ, ಇವರ ಲಿಂಕ್ ಒತ್ತಿದರೆ ಅವರ ಬುಕಿಂಗ್ ತೆರೀತದಲ್ಲ ಮಾರಾಯಾ!"

ಲಿಂಕಿನಲ್ಲಿರುವುದು 32 ಅಕ್ಷರದ ಟೋಕನ್, ಅಂದರೆ ಪ್ರತಿ ಬುಕಿಂಗಿಗೂ ಕಂಪ್ಯೂಟರ್ ಅಡ್ಡಾದಿಡ್ಡಿಯಾಗಿ ಆರಿಸಿದ ಗುಟ್ಟಿನ ಗುರುತು. ಇಬ್ಬರಿಗೆ ಒಂದೇ ಬರುವುದು ಸಾಧ್ಯವೇ ಇಲ್ಲ ಎಂದು ವಾದ ಮಾಡಿದೆ. ಡೇಟಾಬೇಸ್ ನೋಡಿದರೆ ಬಂದಿತ್ತು. ಒಂದಲ್ಲ, ಹದಿನೇಳು ಜೋಡಿ.

ನಮ್ಮ ಕಡೆ ಅಡಿಕೆ ಸುಲಿದು ಮುಗಿದ ಮೇಲೆ ಇಸ್ಪೀಟು ಹಾಕುವುದುಂಟು. ಚೆನ್ನಾಗಿ ಕಲಸಿದ ಒಂದು ಕಟ್ಟನ್ನು ಹಾಗೇ ಜೆರಾಕ್ಸ್ ಮಾಡಿ ನಾಲ್ವರಿಗೆ ಕೊಟ್ಟರೆ? ಎಲ್ಲರಿಗೂ ಮೇಲಿನ ಎಲೆ ಒಂದೇ, ಅದರ ಕೆಳಗಿನದೂ ಒಂದೇ. ನನ್ನ ಎಲೆ ನೋಡಿಕೊಂಡು ನಿಮ್ಮದು ಹೇಳಿಬಿಡಬಹುದು. ಓಡುತ್ತಿರುವ ಪ್ರೋಗ್ರಾಂ (ಪ್ರಾಸೆಸ್) ತನ್ನದೇ ಪ್ರತಿ ಹುಟ್ಟಿಸುವುದಕ್ಕೆ ಫೋರ್ಕ್ ಎನ್ನುತ್ತಾರೆ. ಅದು ಮಾಡುವುದೂ ಇದನ್ನೇ. ನಡೆಯುತ್ತಿರುವ ಪ್ರೋಗ್ರಾಂನ ಮೆಮೊರಿಯ ನಕಲು ಮಗು ಪ್ರಾಸೆಸ್‌ಗೆ ಸಿಗುತ್ತದೆ, ರ‍್ಯಾಂಡಮ್ ಜನರೇಟರಿನ ಒಳಸ್ಥಿತಿಯೂ ಸೇರಿ. ಮುಂದಿನ ಟೋಕನ್ ಯಾವುದೆಂದು ನಿರ್ಧಾರವಾಗುವುದು ಆ ಒಳಸ್ಥಿತಿಯಿಂದಲೇ. ವೇಗ ಸಿಗಲಿ ಎಂದು ನಾನು ಪ್ರೀಲೋಡ್ ಹಾಕಿದ್ದೆ, ಅಂದರೆ ಪ್ರೋಗ್ರಾಂ ಪೂರ್ತಿ ಲೋಡ್ ಆದಮೇಲೆಯೇ ಫೋರ್ಕ್. ಜನರೇಟರ್ ಹುಟ್ಟಿದ್ದು ಮೊದಲು, ಗಿರಾಕಿಗಳ ಕೋರಿಕೆ ನೋಡಿಕೊಳ್ಳುವ ಮಗು ಪ್ರಾಸೆಸ್ಸುಗಳು, ಅಂದರೆ ನಾಲ್ಕು ವರ್ಕರ್‌ಗಳು ಹುಟ್ಟಿದ್ದು ಆಮೇಲೆ. ನನ್ನ ಲ್ಯಾಪ್‌ಟಾಪಿನಲ್ಲಿ ವರ್ಕರ್ ಒಂದೇ, ಹಾಗಾಗಿ ಟೆಸ್ಟ್‌ನಲ್ಲಿ ಎಲ್ಲ ಸರಿಯಾಗಿತ್ತು.

ನಾನು ಬಳಸಿದ ಪೈಥಾನ್ ಭಾಷೆಯಲ್ಲಿ 3.7ನೇ ಆವೃತ್ತಿಯಿಂದ ಫೋರ್ಕ್ ಆದಮೇಲೆ ರ‍್ಯಾಂಡಮ್ ಮಾಡ್ಯೂಲ್ ತಾನೇ ಹೊಸ ಸೀಡ್ (ಜನರೇಟರ್ ಶುರುವಾಗುವ ಸಂಖ್ಯೆ) ಹಾಕಿಕೊಳ್ಳುತ್ತದೆ. ಆದರೆ ಅದು ಮಾಡ್ಯೂಲಿನ ಸ್ವಂತ ಜನರೇಟರಿಗೆ ಮಾತ್ರ. ನಾನು ಜಾಣ ನೋಡಿ, ಅದೇ ಮಾಡ್ಯೂಲಿನಿಂದ ಬೇರೆಯದೊಂದು ಜನರೇಟರ್ ಮಾಡಿಕೊಂಡಿದ್ದೆ! ಮೊದಲಿಗೆ ಟೋಕನ್‌ಗೆ ಆ ಮಾಡ್ಯೂಲ್ ಬಳಸಿದ್ದೇ ತಪ್ಪು. ಅದಕ್ಕೆಂದೇ ಸೀಕ್ರೆಟ್ಸ್ ಮಾಡ್ಯೂಲ್ ಇದೆ, ಪ್ರತಿ ಸಲ ಹೊಸ ಅಂಕಿಗಳನ್ನು ನೇರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನಿಂದಲೇ ತರುತ್ತದೆ. ನಕಲಾಗಲು ಪ್ರಾಸೆಸ್‌ನಲ್ಲಿ ಏನೂ ಉಳಿಯುವುದಿಲ್ಲ.

ತಪ್ಪು ನನ್ನದೇ, ಸರಿ. ಆದರೂ "ಫೋರ್ಕ್ ಆದಮೇಲೆ ಮರೆಯದೆ ಸೀಡ್ ಹಾಕಿ" ಎಂದು ಕೈಪಿಡಿಯಲ್ಲಿ ಬರೆದು ಸುಮ್ನಾಗುವ ಲೈಬ್ರರಿಗಳನ್ನು ಕಂಡರೆ ನನಗೆ ಸಿಟ್ಟು. ಬರೆಯುವವರು ದೊಡ್ಡವರಾದರೂ ಎಡವುತ್ತಾರೆ. ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.1.1ರಲ್ಲಿ ಜನರೇಟರನ್ನೇ ಹೊಸದಾಗಿ ಬರೆದರು, ಫೋರ್ಕ್ ರಕ್ಷಣೆಯನ್ನೂ ಸೇರಿಸಿದರು. ಆದರೆ ಅದು ತಾನಾಗಿ ಕೆಲಸವೇ ಮಾಡುತ್ತಿರಲಿಲ್ಲ. 2019ರಲ್ಲಿ ಸರಿಪಡಿಸಿದರು. ಪಿಐಡಿ (ಪ್ರಾಸೆಸ್ಸಿನ ಗುರುತು ಸಂಖ್ಯೆ) ಬದಲಾಗಿದೆಯೇ ನೋಡಿದರೆ ಸಾಕು ಅಂತೀರಾ? ಅದೂ ಪೂರ್ತಿ ನಂಬುವ ಹಾಗಿಲ್ಲ, ಹಳೆಯ ಪಿಐಡಿ ಮೊಮ್ಮಗನಿಗೆ ಮತ್ತೆ ಸಿಗಬಹುದು. 2017ರ ಲಿನಕ್ಸ್ 4.14ರಿಂದ, ಫೋರ್ಕ್ ಆದಾಗ ಮಗುವಿನಲ್ಲಿ ಜನರೇಟರಿನ ಸ್ಥಿತಿಯಿರುವ ಈ ಮೆಮೊರಿ ಪುಟ ಸೊನ್ನೆಯಾಗಲಿ ಎಂದು ಕರ್ನೆಲ್‌ಗೆ ಹೇಳಿಡಬಹುದು. ಇಷ್ಟಿದ್ದೂ ನೆನಪಿಡುವ ಹೊರೆ ನಮ್ಮ ತಲೆಗೇ ಯಾಕೆ, ಅಲ್ವಾ?

ಕೊನೆಗೆ ಬದಲಾದದ್ದು ಒಂದೇ ಸಾಲು. ಹದಿನೇಳು ಜೋಡಿ ಗಿರಾಕಿಗಳಿಗೆ ಹೊಸ ಲಿಂಕ್ ಕಳಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಲು ಮಾತ್ರ ಎರಡು ದಿನ ಹಿಡಿಯಿತು. ನಡುವೆ ಕರೆಂಟ್ ಬೇರೆ ಹೋಗಿತ್ತು.