ಹನ್ನೆರಡು ಮನೆಗಳ ಜಾತಕ

‘30 ದಿನಗಳಲ್ಲಿ ಇಂಗ್ಲಿಷ್’ ಕೋರ್ಸು ಮತ್ತೆ ಬಂದಿದೆ. ಈ ಸಲ ಟೆನ್ಸ್‌ಗಳ ಚಾರ್ಟ್ ಉಚಿತವಂತೆ, ಗೋಡೆಗೆ ಅಂಟಿಸಿಕೊಳ್ಳಬೇಕಂತೆ. ಮೂರು ಕಾಲ, ಒಂದೊಂದಕ್ಕೂ ನಾಲ್ಕು ರೂಪ, ಒಟ್ಟು 12 ಮನೆ. ಥೇಟ್ ಜಾತಕ! ಹನ್ನೆರಡನೇ ಮನೆಯಲ್ಲಿ ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯೂಯಸ್ ಮಹಾಶಯರು ವಿರಾಜಮಾನರು: ‘ಐ ವಿಲ್ ಹ್ಯಾವ್ ಬೀನ್ ಈಟಿಂಗ್’. ಜ್ಯೋತಿಷಿಗಳು ಆ ಮನೆಯನ್ನು ಸುಮ್ಮನೆ ವ್ಯಯಸ್ಥಾನ ಅನ್ನುವುದಿಲ್ಲ. ಇಂಗ್ಲಿಷ್ ಮನೆಮಾತಾದವರೂ ಅಪರೂಪಕ್ಕೆ ಆಡುವ ಈ ವಾಕ್ಯವನ್ನು ಕಲಿಯುವವರು ಮೊದಲ ವಾರದಲ್ಲೇ ಉರುಹೊಡೆಯಬೇಕು.

ಅಸಲಿಗೆ ಇಂಗ್ಲಿಷಿನಲ್ಲಿ ಕ್ರಿಯಾಪದ ತಾನೇ ರೂಪ ಬದಲಿಸುವುದು ವರ್ತಮಾನ, ಭೂತ ಎರಡಕ್ಕೆ ಮಾತ್ರ: ಗೋ, ವೆಂಟ್. ಭವಿಷ್ಯಕ್ಕೆ ಬೇರೆ ರೂಪವೇ ಇಲ್ಲ. ‘ವಿಲ್’ ಆದೀತು, ‘ಗೋಯಿಂಗ್ ಟು’ ಆದೀತು, ‘ಐ ಆ್ಯಮ್ ಲೀವಿಂಗ್ ಟುಮಾರೊ’ ಎಂದು ವರ್ತಮಾನವನ್ನೇ ಎಳೆದು ತಂದರೂ ಆದೀತು. ನಮ್ಮ ‘ನಾಳೆ ಬರ್ತೀನಿ’ ಹಾಗೆಯೇ ತಾನೆ? ಆದರೆ ಇಷ್ಟು ಹೇಳಿಬಿಟ್ಟರೆ ನಾಲ್ಕು ಮನೆ ಖಾಲಿ ಬೀಳುತ್ತವೆ.

ಇನ್ನು ‘ಎ’ ಮತ್ತು ‘ಆ್ಯನ್’. ಎ, ಇ, ಐ, ಒ, ಯು ಎಂಬ ಪಂಚಾಕ್ಷರಿ ಜಪಿಸಿದವರು ಭಕ್ತಿಯಿಂದ ‘ಆ್ಯನ್ ಯೂನಿವರ್ಸಿಟಿ’, ‘ಎ ಅವರ್’ (hour) ಅನ್ನುತ್ತಾರೆ. ನೋಡಬೇಕಾದದ್ದು ಅಕ್ಷರವನ್ನಲ್ಲ, ಕಿವಿಗೆ ಬೀಳುವ ಮೊದಲ ಸದ್ದನ್ನು. ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಯೂನಿವರ್ಸಿಟಿ, ಯೂರೋಪಿಯನ್: ಶುರುವಿಗೆ ವ್ಯಂಜನ, ಆದ್ದರಿಂದ ‘ಎ’. ಅವರ್, ಎಂಎಲ್‌ಎ: ಸ್ವರ, ಆದ್ದರಿಂದ ‘ಆ್ಯನ್’. ‘ಒನ್’ ಒಂದು ಕಳ್ಳ. ಉಚ್ಚಾರ ‘ವನ್’, ಹಾಗಾಗಿ ಅದಕ್ಕೂ ‘ಎ’ಯೇ. ನಮ್ಮ ಲಿಪಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಅಂದಮೇಲೆ ಇದಕ್ಕೆ ಫೀಸು ಹೇಗೆ ಕೇಳುವುದು?

‘ಡಿಡ್ ಯು ವೆಂಟ್?’ ಅಂದವರನ್ನು ನೋಡಿ ನಗುವವರು ಬೇಕಾದಷ್ಟು ಜನ. ಯಾಕೆ ತಪ್ಪು ಅಂತ ಹೇಳುವವರು ಎಲ್ಲಿ? ಭೂತಕಾಲದ ಮೂಟೆಯನ್ನು ‘ಡಿಡ್’ ಆಗಲೇ ಹೊತ್ತಿದೆ; ಇನ್ನೊಂದನ್ನು ‘ಗೋ’ ತಲೆಗೆ ಹೊರಿಸಬೇಡಿ. ‘ಡಿಡ್ ಯು ಗೋ?’ ಅಷ್ಟೆ. ‘ಡಸ್’ ಬಂದರೆ ‘ಎಸ್’ ಅದರ ಪಾಲು: ‘ಡಸ್ ಹಿ ನೋ?’, ‘ನೋಸ್’ ಅಲ್ಲ. ಎರಡು ನಿಮಿಷದ ಮಾತು. ಇದನ್ನು ಬಿಟ್ಟು ಹನ್ನೆರಡು ಮನೆ ಸುತ್ತಿಸುತ್ತಾರೆ. ಮೂವತ್ತೊಂದನೇ ದಿನ ಬಾಯಿ ಕಟ್ಟಿತೆಂದರೆ ‘ನಿಮಗೆ ಆತ್ಮವಿಶ್ವಾಸ ಸಾಲದು’ ಅನ್ನುತ್ತಾರೆ. ಆತ್ಮವಿಶ್ವಾಸ ಅಲ್ಲ ಸ್ವಾಮಿ, ನೀವು ಹೇಳಿಕೊಟ್ಟದ್ದು ಸಾಲದು. ದುಡ್ಡನ್ನೂ ಇಸಿದುಕೊಂಡು, ಮೇಲೆ ಕೀಳರಿಮೆಯನ್ನೂ ಅಂಟಿಸಿ ಕಳಿಸುತ್ತೀರಲ್ಲ.

ಮುಂದಿನ ತಿಂಗಳು ಅಡ್ವಾನ್ಸ್ಡ್ ಕೋರ್ಸ್ ಅಂತೆ. ಅದರ ಚಾರ್ಟ್ ಬಣ್ಣದ್ದಂತೆ.