ಸ್ಪಷ್ಟನೆ: ಐಸ್‌ಫಿಶ್ ರಕ್ತ ಬಿಳಿ ಇರುವುದು ಚಳಿ ತಡೆಯಲು ಅಲ್ಲ

'ಅಂಟಾರ್ಕ್ಟಿಕಾದ ಮೀನುಗಳ ರಕ್ತದಲ್ಲಿ ಕಾರಿಗೆ ಹಾಕುವ ಕೂಲೆಂಟ್ ಇದೆ, ಅದಕ್ಕೇ ಅವುಗಳ ರಕ್ತ ಬಿಳಿ' ಎಂಬ ಸಂದೇಶ ಓಡಾಡುತ್ತಿದೆ. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಸುಮ್ನೆ ಕಲಸಿಬಿಟ್ಟಿದ್ದಾರೆ.

ಅಲ್ಲಿನ ಸಮುದ್ರದ ನೀರು ಸುಮಾರು ಮೈನಸ್ 1.9 ಡಿಗ್ರಿಯವರೆಗೂ ತಣ್ಣಗಾಗುತ್ತದೆ. ಸಾಮಾನ್ಯ ಮೀನಿನ ರಕ್ತ ಅದಕ್ಕೂ ಮೊದಲೇ ಹೆಪ್ಪುಗಟ್ಟುತ್ತದೆ. ಅಲ್ಲಿನ ಮೀನುಗಳನ್ನು ಉಳಿಸುವುದು ಸಕ್ಕರೆಯ ತುಣುಕುಗಳು ಅಂಟಿಕೊಂಡ ಒಂದು ಪ್ರೋಟೀನ್. 1960ರ ದಶಕದಲ್ಲಿ ವಿಜ್ಞಾನಿ ಆರ್ಥರ್ ಡಿವ್ರೀಸ್ ಇದನ್ನು ಪತ್ತೆ ಮಾಡಿದರು. ಎಂಜಿನ್‌ನ ನೀರು ಹೆಪ್ಪುಗಟ್ಟದಂತೆ ಕೂಲೆಂಟ್ ಕೆಲಸ ಮಾಡಬೇಕಾದರೆ ಅದನ್ನು ನೀರಿಗೆ ಧಾರಾಳವಾಗಿ ಬೆರೆಸಬೇಕು. ಈ ಪ್ರೋಟೀನ್ ಹಾಗಲ್ಲ. ಮೈಯೊಳಗಿನ ಪುಟ್ಟ ಹಿಮದ ಹರಳಿಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುತ್ತದೆ. ಅಂದರೆ ಮೀನಿನೊಳಗೆ ಹಿಮ ಇರಬಹುದು, ದೊಡ್ಡದಾಗುವುದಿಲ್ಲ ಅಷ್ಟೆ.

ಈ ಪ್ರೋಟೀನ್ ಎಲ್ಲಿಂದ ಬಂತು ಅನ್ನುವುದು ನನಗೆ ಇನ್ನೂ ಜಾಸ್ತಿ ಸ್ವಾರಸ್ಯ. ಆಹಾರ ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಸಂಬಂಧಿಸಿದ ಜೀನ್‌ನ ತುಣುಕುಗಳಿಂದಲೇ ಇದನ್ನು ತಯಾರಿಸುವ ಹೊಸ ಜೀನ್ ರೂಪುಗೊಂಡಿತು ಎಂದು 1997ರಲ್ಲಿ ಗೊತ್ತಾಯಿತು. ಉತ್ತರ ಧ್ರುವದ ಆರ್ಕ್ಟಿಕ್ ಕಾಡ್ ಮೀನಿನಲ್ಲೂ ಹೆಚ್ಚುಕಡಿಮೆ ಇಂಥದ್ದೇ ಪ್ರೋಟೀನ್ ಇದೆ. ಆದರೆ ಅದು ಬೇರೆ ದಾರಿಯಲ್ಲಿ, ಸ್ವತಂತ್ರವಾಗಿ ವಿಕಾಸವಾದದ್ದು. ವಿಚಿತ್ರ ಅಲ್ವಾ?

ಇನ್ನು ಬಿಳಿ ರಕ್ತ. ಅದು ಐಸ್‌ಫಿಶ್ ಎಂಬ ಒಂದು ಗುಂಪಿನಲ್ಲಿ ಮಾತ್ರ. ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಅವುಗಳಲ್ಲಿ ಇಲ್ಲ. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ, ದೊಡ್ಡ ಹೃದಯ ಮತ್ತು ಜಾಸ್ತಿ ರಕ್ತದ ನೆರವಿನಿಂದ ಅವು ನಿಭಾಯಿಸುತ್ತವೆ. ಅವುಗಳ ಕೆಂಪು ರಕ್ತದ ನೆಂಟರಲ್ಲೂ ಹಿಮ ತಡೆಯುವ ಅದೇ ಪ್ರೋಟೀನ್ ಇದೆ.